ಅಪ್ಪಯ್ಯನಿಗೆ ಏನೂ ತೊಂದರೆ ಇಲ್ಲ, ರಕ್ತದ ರಿಪೋರ್ಟ್ ಮಾತ್ರ ಜಾಸ್ತಿ ಬಂದಿದೆ. ವಾಲ್ವ್ ಬದಲಾಯಿಸಬೇಕಾ?

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಪ್ಪಯ್ಯನಿಗೆ 74 ವರ್ಷ, ಮುಂದಿನ ತಿಂಗಳು 75 ತುಂಬುತ್ತದೆ. ಹೋದ ವರ್ಷ ಕಣ್ಣಿನ ಪೊರೆ ತೆಗೆಸುವ ಮೊದಲು ಚೆಕಪ್ ಮಾಡಿದ ಡಾಕ್ಟರಿಗೆ ಎದೆಯಲ್ಲಿ ಏನೋ ಸದ್ದು ಕೇಳಿಸಿತು. ಎಕೋ ಅಂತ ಹಾರ್ಟಿನ ಸ್ಕ್ಯಾನ್ ಮಾಡಿಸಿದೆವು. ಹಾರ್ಟಿನಿಂದ ಮೈಗೆ ರಕ್ತ ಹೋಗುವ ಬಾಗಿಲು, ಅಯೋರ್ಟಿಕ್ ವಾಲ್ವ್, ಸುಣ್ಣಗಟ್ಟಿ ಬಿಗಿದುಕೊಂಡಿದೆ ಅಂದರು.

ಈಗಿನ ಎಕೋದಲ್ಲಿ ವಾಲ್ವ್ ಏರಿಯಾ (ಬಾಗಿಲು ತೆರೆಯುವ ಜಾಗ) 0.8, ಮೀನ್ ಗ್ರೇಡಿಯೆಂಟ್ (ವಾಲ್ವ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ) 44. 'ಸಿವಿಯರ್' ಅಂತ ಬರೆದಿದ್ದಾರೆ. ಆದರೆ ಅಪ್ಪಯ್ಯನಿಗೆ ಎದೆನೋವಿಲ್ಲ, ತಲೆಸುತ್ತು ಇಲ್ಲ. ದಿನಾ ತೋಟಕ್ಕೆ ಹೋಗಿ ಬರುತ್ತಾರೆ. 'ನಂಗೆ ಎಂತದೂ ಆಗಿಲ್ಲ' ಅನ್ನುವುದು ಒಂದೇ ಮಾತು.

ಹೋದ ವಾರ ರಕ್ತ ತೆಗೆದರು. ಎನ್‌ಟಿ-ಪ್ರೊಬಿಎನ್‌ಪಿ ಅಂತ ಒಂದು ಟೆಸ್ಟ್, 1860 ಬಂದಿದೆ. ಪಕ್ಕದಲ್ಲಿ ನಾರ್ಮಲ್ 125ರ ಒಳಗೆ ಅಂತ ಇದೆ! ಡಾಕ್ಟರು ಅದನ್ನು ನೋಡಿ, ಇನ್ನು ಕಾಯುವುದು ಬೇಡ, ವಾಲ್ವ್ ಬದಲಾಯಿಸುವ ವಿಚಾರ ಮಾಡಿ ಅಂದರು. ಮನುಷ್ಯ ಗಟ್ಟಿಯಾಗಿ ಓಡಾಡಿಕೊಂಡಿರುವಾಗ ಒಂದು ಬ್ಲಡ್ ಟೆಸ್ಟ್ ನೋಡಿ ಇಷ್ಟು ದೊಡ್ಡ ನಿರ್ಧಾರ ಮಾಡಬಹುದಾ? ಆಪರೇಷನ್ ತಡೆದುಕೊಳ್ಳುತ್ತಾರಾ ಅಂತ ರಕ್ತದಲ್ಲೇ ಗೊತ್ತಾಗುತ್ತದಾ? ಇದನ್ನೆಲ್ಲ ಅನುಭವಿಸಿದವರು ದಯವಿಟ್ಟು ಹೇಳಿ. ಮೂರು ದಿನದಿಂದ ನಿದ್ದೆ ಇಲ್ಲ.

ಬಯಲುಸೀಮೆ_ಗಾಳಿ

ರಕ್ತ ನೋಡಿ ಎದೆ ಕೊಯ್ಯುವುದಾ? ಬೇರೆ ಕಡೆ ಇನ್ನೊಬ್ಬರಿಗೆ ತೋರಿಸಿ ಅಣ್ಣಾ.

ಲ್ಯಾಬ್‌ಅಕ್ಕ

ದಾವಣಗೆರೆಯಲ್ಲಿ ಹದಿನೆಂಟು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ಮೊದಲು ಈ ಟೆಸ್ಟ್ ಏನು ಅಂತ ಹೇಳುತ್ತೇನೆ, ಆಮೇಲೆ ಬೈಯುವವರು ಬೈಯಲಿ.

ವಾಲ್ವ್ ಬಿಗಿಯಾದರೆ ಹಾರ್ಟ್ ಜಾಸ್ತಿ ಒತ್ತಡ ಹಾಕಿ ರಕ್ತ ತಳ್ಳಬೇಕು. ಗೋಡೆ ಮೇಲೆ ಎಳೆತ ಬೀಳುತ್ತದೆ. ಹಾಗೆ ಎಳೆತ ಬಿದ್ದಾಗ ಹಾರ್ಟಿನ ಸ್ನಾಯುವೇ ಒಂದು ಪ್ರೋಟೀನ್ ಬಿಡುತ್ತದೆ. ಅದು ಎರಡು ತುಂಡಾಗಿ ಒಂದು ಬಿಎನ್‌ಪಿ, ಇನ್ನೊಂದು ಎನ್‌ಟಿ-ಪ್ರೊಬಿಎನ್‌ಪಿ ಆಗುತ್ತದೆ. ಬಿಎನ್‌ಪಿಯ ಹೆಸರಿನಲ್ಲಿರುವ 'ಬಿ' ಅಂದರೆ ಬ್ರೈನ್. 1988ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಮೊದಲು ಕಂಡದ್ದು ಹಂದಿಯ ಮೆದುಳಿನಲ್ಲಿ. ಜಾಸ್ತಿ ಬರುವುದು ಹಾರ್ಟಿನಿಂದ ಅಂತ ಆಮೇಲೆ ಗೊತ್ತಾಯಿತು, ಹೆಸರು ಹಾಗೇ ಉಳಿಯಿತು.

ಅಂದರೆ ಹಾರ್ಟ್ ಎಷ್ಟು ತಿಣುಕುತ್ತಿದೆ ಅಂತ ಹೇಳುವ ಟೆಸ್ಟ್ ಇದು. ಆದರೆ ತಿಣುಕುವುದು ಯಾಕೆ ಅಂತ ಹೇಳುವುದಿಲ್ಲ. ವಯಸ್ಸಾದರೆ ಏರುತ್ತದೆ. ಕಿಡ್ನಿ ಸ್ವಲ್ಪ ಸೋತರೂ ಏರುತ್ತದೆ. ಹಾರ್ಟ್ ಬೀಟ್ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದರಂತೂ ಚೆನ್ನಾಗೇ ಏರುತ್ತದೆ. ಮೈ ದಪ್ಪ ಇರುವವರಲ್ಲಿ ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತದೆ.

ಆ 125 ನೋಡಿ ಹೆದರಬೇಡಿ. 75ರ ಒಳಗಿನವರಿಗೆ 125, ಮೇಲಿನವರಿಗೆ 450 ಅಂತ ಹಲವು ಲ್ಯಾಬ್‌ಗಳು ಹಾಕುತ್ತವೆ. ನಿಮ್ಮ ಅಪ್ಪಯ್ಯನ ರಕ್ತವನ್ನೇ ಮುಂದಿನ ತಿಂಗಳು ನೋಡಿದರೆ ಅದೇ ಕಾಗದದಲ್ಲಿ ನಾರ್ಮಲ್ 450 ಅಂತ ಇರುತ್ತದೆ. ಒಂದು ತಿಂಗಳಲ್ಲಿ ಹಾರ್ಟ್ ಬದಲಾಗುತ್ತದಾ? ಆದರೆ 450 ಇಟ್ಟುಕೊಂಡರೂ 1860 ಅಂದರೆ ನಾಲ್ಕು ಪಟ್ಟು. ಅದನ್ನು ತಳ್ಳಿಹಾಕುವ ಹಾಗಿಲ್ಲ.

ಕಿಡ್ನಿಯ ಟೆಸ್ಟ್, ಕ್ರಿಯಾಟಿನಿನ್, ಎಷ್ಟು ಬಂದಿದೆ? ರಿಪೋರ್ಟ್ ಪೂರ್ತಿ ಹಾಕಿ. ಹೆಸರು, ಫೋನ್ ನಂಬರ್ ಅಳಿಸಿ ಹಾಕಿ.

ತೋಟದಮನೆ

ಅಕ್ಕಾ, ತುಂಬಾ ಥ್ಯಾಂಕ್ಸ್. ಕ್ರಿಯಾಟಿನಿನ್ 1.4. ಹಿಮೋಗ್ಲೋಬಿನ್ 10.6. ಆಲ್ಬುಮಿನ್ ಅಂತ ರಕ್ತದ ಪ್ರೋಟೀನ್ 3.8. ಶುಗರ್ ಇಲ್ಲ. ಇಸಿಜಿಯಲ್ಲಿ ತಾಳ ಸರಿ ಇದೆ ಅಂದರು.

ಬಯಲುಸೀಮೆ_ಗಾಳಿ

ನೋಡಿ, ಕ್ರಿಯಾಟಿನಿನ್ 1.4 ಇದೆ. ಕಿಡ್ನಿಯಿಂದಲೇ ಏರಿರಬಹುದು ಅಂತ ಈ ಅಕ್ಕನೇ ಹೇಳಿದರು. ನಮ್ಮ ತಾಯಿಗೂ ಹೀಗೇ ಆಯಿತು. ಒಂದು ಆಸ್ಪತ್ರೆಯಲ್ಲಿ ಇದೇ ಟೆಸ್ಟ್ 3000 ಚಿಲ್ಲರೆ ಬಂತು ಅಂತ ಹಾರ್ಟ್ ಫೇಲ್ಯೂರ್ ಅಂದುಬಿಟ್ಟರು. ಐಸಿಯುಗೆ ಹಾಕಿದರು. ನಾಲ್ಕು ದಿನ ಆದ ಮೇಲೆ ಇನ್ನೊಬ್ಬ ಡಾಕ್ಟರು ಬಂದು ಎಕೋ ನೋಡಿ, ಹಾರ್ಟ್ ಚೆನ್ನಾಗಿದೆ, ಇದು ಕಿಡ್ನಿಯದ್ದು ಅಂದರು. ಆ ನಾಲ್ಕು ದಿನ ನಾವು ಪಟ್ಟ ಸಂಕಟ ನನಗೆ ಗೊತ್ತು. ಒಂದು ಎಕರೆ ಹೊಲ ಒತ್ತೆ ಇಟ್ಟಿದ್ದೆ. ಸುಮ್ನೆ ಮಾತಾಡುತ್ತಿಲ್ಲ.

ಲ್ಯಾಬ್‌ಅಕ್ಕ

ನಿಮಗೆ ಆದದ್ದು ನಿಜವಾಗಿಯೂ ಅನ್ಯಾಯ. ಆದರೆ ನಿಮ್ಮ ತಾಯಿಯ ಎಕೋ ಚೆನ್ನಾಗಿತ್ತು. ಇವರ ತಂದೆಯ ಎಕೋದಲ್ಲಿ ವಾಲ್ವ್ ಸಿವಿಯರ್ ಅಂತಿದೆ. ಎರಡೂ ಒಂದೇ ಅಲ್ಲ. 1.4 ಕ್ರಿಯಾಟಿನಿನ್‌ನಿಂದ ಸ್ವಲ್ಪ ಏರಬಹುದು, 1860 ಪೂರ್ತಿ ಅದರಿಂದಲೇ ಅನ್ನಲು ಬರುವುದಿಲ್ಲ.

ಪಿಜಿ_ಹುಡುಗ

ನಾನು ಮೆಡಿಸಿನ್ ಎಂಡಿ ಓದುತ್ತಿದ್ದೇನೆ, ಈಗ ಹೃದ್ರೋಗ ವಿಭಾಗದಲ್ಲಿ ಪೋಸ್ಟಿಂಗ್. ನಿಮ್ಮ ಡಾಕ್ಟರು ತಲೆಗೆ ತೋಚಿದ್ದು ಹೇಳಿಲ್ಲ ಸರ್. 2020ರ ಅಮೆರಿಕನ್ ಗೈಡ್‌ಲೈನ್ ಮತ್ತು 2021ರ ಯುರೋಪಿಯನ್ ಗೈಡ್‌ಲೈನ್ ಎರಡರಲ್ಲೂ ಈ ಮಾತಿದೆ. ವಾಲ್ವ್ ಸಿವಿಯರ್ ಆಗಿ ಬಿಗಿದಿದೆ, ರೋಗಿಗೆ ತೊಂದರೆ ಕಾಣುತ್ತಿಲ್ಲ, ಆದರೆ ಬಿಎನ್‌ಪಿ ನಾರ್ಮಲ್‌ಗಿಂತ ಮೂರು ಪಟ್ಟು ಮೀರಿದೆ, ಆಪರೇಷನ್ ಅಪಾಯವೂ ಕಡಿಮೆ ಇದೆ. ಹಾಗಿದ್ದರೆ ವಾಲ್ವ್ ಬದಲಾಯಿಸುವುದು ಸಮಂಜಸ ಅಂತ. 'ಮಾಡಲೇಬೇಕು' ಅಂತ ಅಲ್ಲ, 'ಸಮಂಜಸ' ಅಂತ. ಆ ನಾರ್ಮಲ್ ಅನ್ನುವುದೂ ವಯಸ್ಸು, ಗಂಡು ಹೆಣ್ಣು ನೋಡಿ ಹಾಕಿದ್ದಾಗಿರಬೇಕು.

ಯಾಕೆ ಇಷ್ಟು ಎಚ್ಚರ ಅಂದರೆ, ತೊಂದರೆ ಶುರುವಾದ ಮೇಲೆ ಈ ಕಾಯಿಲೆ ಕಾಯುವುದಿಲ್ಲ. 1968ರಲ್ಲೇ ರಾಸ್ ಮತ್ತು ಬ್ರೌನ್‌ವಾಲ್ಡ್ ಎಂಬ ಅಮೆರಿಕದ ವೈದ್ಯರು ಬರೆದಿದ್ದರು. ವಾಲ್ವ್ ಬದಲಾಯಿಸದೆ ಬಿಟ್ಟರೆ ಎದೆನೋವು ಬಂದವರು ಸರಾಸರಿ ಐದು ವರ್ಷ, ತಲೆ ತಿರುಗಿ ಬಿದ್ದವರು ಮೂರು ವರ್ಷ, ಉಬ್ಬಸ ಬಂದು ಹಾರ್ಟ್ ಸೋತವರು ಎರಡು ವರ್ಷ. ಆ ಲೆಕ್ಕ ಹಳೆಯದು. ಆದರೂ ಈಗಲೂ ಕ್ಲಾಸಿನಲ್ಲಿ ಅದನ್ನೇ ಮೊದಲು ಕಲಿಸುತ್ತಾರೆ.

ಇನ್ನೊಂದು ಪ್ರಶ್ನೆ. ತಂದೆಯವರಿಗೆ ತೊಂದರೆ ಇಲ್ಲ ಅಂತ ಹೇಳಿದ್ದು ಯಾರು? ಅವರೇನಾ? ಮನೆಯಲ್ಲಿ ಅಮ್ಮನನ್ನು ಕೇಳಿದ್ದೀರಾ?

ಪುಂಡಿಪಲ್ಲೆ

ನಮಸ್ಕಾರ್ರೀ, ವಿಜಯಪುರದಿಂದ. ನನಗೆ 2009ರಲ್ಲಿ ಮೈಟ್ರಲ್ ಅನ್ನುವ ಹಾರ್ಟಿನ ಇನ್ನೊಂದು ವಾಲ್ವ್ ಹಾಕಿದ್ದಾರೆ, ಲೋಹದ್ದು. ಸಣ್ಣವನಿದ್ದಾಗ ಗಂಟಲು ನೋವು, ಕೀಲು ಬಾವು ಬಂದಿತ್ತು. ಯಾರೂ ಲಕ್ಷ್ಯ ಕೊಡಲಿಲ್ಲ. ಅದೇ ರುಮ್ಯಾಟಿಕ್ ಜ್ವರ ಅಂತ ಆಮೇಲೆ ಗೊತ್ತಾಯಿತು. ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತಗೊಂಡಿದ್ದರೆ ವಾಲ್ವ್ ಇಷ್ಟು ಕೆಡುತ್ತಿರಲಿಲ್ಲವೇನೋ.

ನನಗೆ ಹಾಕಿದ್ದು ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಮಾಡಿದ್ದು. ಮೊದಲ ಮಾದರಿಗಳು ಕೈಕೊಟ್ಟರೂ ಬಿಡದೆ ಮಾಡಿ, 1990ರ ಡಿಸೆಂಬರ್‌ನಲ್ಲಿ ಮೊದಲು ಮನುಷ್ಯನಿಗೆ ಹಾಕಿದರು. ಅದರ ಹಿಂದಿದ್ದ ಡಾಕ್ಟರ್ ವಲಿಯತ್ತಾನ್ ಅವರು ಆಮೇಲೆ ನಮ್ಮ ಮಣಿಪಾಲಕ್ಕೇ ಕುಲಪತಿಯಾಗಿ ಬಂದರು. ಹೊರದೇಶದ ವಾಲ್ವ್ ಕೊಳ್ಳಲು ನಮ್ಮಪ್ಪನ ಹತ್ತಿರ ರೊಕ್ಕ ಇರಲಿಲ್ಲ. ಅವರನ್ನು ನಾನು ದಿನಾ ನೆನೆಯುತ್ತೇನೆ.

ನಿಮ್ಮ ಟೆಸ್ಟ್ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವ ರಕ್ತ ಪರೀಕ್ಷೆ ಒಂದೇ, ಐಎನ್‌ಆರ್. ಲೋಹದ ವಾಲ್ವ್‌ಗೆ ರಕ್ತ ಹೆಪ್ಪುಗಟ್ಟದ ಮಾತ್ರೆ ತಗೊಳ್ಳುತ್ತೇನೆ, ಅದು ಸರಿಯಾಗಿ ಹಿಡಿದಿದೆಯಾ ಅಂತ ನೋಡುವ ಟೆಸ್ಟ್. ನನಗೆ ಎರಡೂವರೆಯಿಂದ ಮೂರೂವರೆ ಒಳಗೆ ಇರಬೇಕು ಅಂದಿದ್ದಾರೆ. ಕಡಿಮೆಯಾದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಜಾಸ್ತಿಯಾದರೆ ವಸಡಿನಿಂದ, ಮೂಗಿನಿಂದ ರಕ್ತ.

ಮೈಸೂರು_ಮೇಷ್ಟ್ರು

ಪುಂಡಿಪಲ್ಲೆ ಅವರೇ, ಸೊಪ್ಪು ಪೂರ್ತಿ ಬಿಟ್ಟಿದ್ದೀರಾ? ನನ್ನ ತಮ್ಮನಿಗೂ ಲೋಹದ ವಾಲ್ವ್. ಸೊಪ್ಪು ತಿಂದರೆ ಆ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ, ಮುಟ್ಟಬಾರದು ಅಂತ ಹೇಳಿದ್ದಾರೆ. ಬಸ್ಸಾರು ಮಾಡಿದ ದಿನ ಮುಖ ಸಣ್ಣ ಮಾಡಿಕೊಂಡು ಕೂರುತ್ತಾನೆ.

ಪುಂಡಿಪಲ್ಲೆ

ಬಿಡಬೇಕಾಗಿಲ್ರೀ ಸರ್. ನಾನೂ ಮೊದಲು ಎರಡು ವರ್ಷ ಬಿಟ್ಟಿದ್ದೆ. ಆಮೇಲೆ ಡಾಕ್ಟರೇ ಹೇಳಿದರು, ತಿನ್ನು, ಆದರೆ ವಾರ ವಾರ ಅಳತೆ ಒಂದೇ ಇರಲಿ ಅಂತ. ಈ ವಾರ ಬುಟ್ಟಿ ತುಂಬ ಮೆಂತ್ಯ ಪಲ್ಲೆ, ಮುಂದಿನ ವಾರ ಒಂದು ಎಲೆಯೂ ಇಲ್ಲ, ಹಾಗೆ ಮಾಡಬಾರದು. ನಾನು ವಾರಕ್ಕೆ ಎರಡು ಸಲ, ಒಂದು ಬಟ್ಟಲು. ಐಎನ್‌ಆರ್ ಅಲುಗಾಡಿಲ್ಲ. ಹೆಸರು ನೋಡಿದರೇ ಗೊತ್ತಾಗುತ್ತದಲ್ಲ, ಪುಂಡಿ ಪಲ್ಲೆ ಬಿಟ್ಟು ನಾನು ಇರಲಾರೆ.

ಟೆಕ್ಕಿ_ಜಯನಗರ

ಹೆಪ್ಪುಗಟ್ಟುವುದನ್ನು ತಡೆಯಲು ಈಗ ಹೊಸ ಮಾತ್ರೆಗಳು ಬಂದಿವೆ ಅಲ್ವಾ? ಐಎನ್‌ಆರ್ ಟೆಸ್ಟೇ ಬೇಡ, ಸೊಪ್ಪಿನ ಲೆಕ್ಕವೂ ಬೇಡ. ಮೇಷ್ಟ್ರೇ, ತಮ್ಮನವರಿಗೆ ಅದಕ್ಕೆ ಬದಲಾಯಿಸಿಕೊಳ್ಳಲು ಹೇಳಿ. ನನ್ನ ಮಾವ ಅದೇ ತಗೊಳ್ಳುತ್ತಾರೆ.

ಪಿಜಿ_ಹುಡುಗ

ದಯವಿಟ್ಟು ಹಾಗೆ ಹೇಳಬೇಡಿ. ಇದು ಪ್ರಾಣಕ್ಕೆ ಸಂಬಂಧಪಟ್ಟದ್ದು. ಲೋಹದ ವಾಲ್ವ್ ಇರುವವರಿಗೆ ಆ ಹೊಸ ಮಾತ್ರೆ ಆಗುವುದಿಲ್ಲ. ಅಂಥ ಒಂದು ಮಾತ್ರೆ, ಡಾಬಿಗ್ಯಾಟ್ರಾನ್, ಕೊಟ್ಟು ನೋಡಿದ ಅಧ್ಯಯನವನ್ನು 2012ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಹೆಪ್ಪುಗಟ್ಟುವುದೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ. ಆಮೇಲೆ ಇನ್ನೊಂದು ಹೊಸ ಮಾತ್ರೆ, ಅಪಿಕ್ಸಬಾನ್, ನೋಡಿದರು. ಅದನ್ನೂ 2022ರಲ್ಲಿ ನಿಲ್ಲಿಸಿದರು. ನಿಮ್ಮ ಮಾವನವರಿಗೆ ಬೇರೆ ಕಾರಣಕ್ಕೆ ಕೊಟ್ಟಿರಬಹುದು, ಲೋಹದ ವಾಲ್ವ್ ಇರಲಿಕ್ಕಿಲ್ಲ. ಮೇಷ್ಟ್ರೇ, ತಮ್ಮನವರು ಹಳೆಯ ಮಾತ್ರೆಗಳಾದ ವಾರ್ಫರಿನ್ ಅಥವಾ ಅಸಿಟ್ರಾಮ್, ಡಾಕ್ಟರು ಬರೆದದ್ದನ್ನೇ ತಗೊಳ್ಳಲಿ.

ಟೆಕ್ಕಿ_ಜಯನಗರ

ಗೊತ್ತಿರಲಿಲ್ಲ. ಕೇಳಿ ನೋಡಿದೆ, ಮಾವನಿಗೆ ಹಾಕಿರುವುದು ಸ್ಟೆಂಟ್, ವಾಲ್ವ್ ಅಲ್ಲ. ಹಾರ್ಟ್ ಬೀಟ್ ತೊಂದರೆಗೆ ಆ ಮಾತ್ರೆಯಂತೆ. ತಪ್ಪು ಹೇಳಿದ್ದಕ್ಕೆ ಕ್ಷಮಿಸಿ.

ಸಿಸ್ಟರ್_ಲಿಲ್ಲಿ

ಹಾರ್ಟ್ ಐಸಿಯುನಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದೆ. ಈಗ ರಿಟೈರ್ ಆಗಿ ಕಾರ್ಕಳದಲ್ಲಿದ್ದೇನೆ. ಎಲ್ಲರೂ 1860 ಹಿಡಿದುಕೊಂಡು ಎಳೆದಾಡುತ್ತಿದ್ದೀರಿ. ಆ ಹಿಮೋಗ್ಲೋಬಿನ್ ಯಾರಿಗೂ ಕಾಣಲಿಲ್ಲವಾ? ಗಂಡಸಿಗೆ 10.6 ಅಂದರೆ ಕಡಿಮೆ. ತೋಟದಮನೆಯವರೇ, ಅದಕ್ಕೆ ಏನು ಹೇಳಿದರು ಡಾಕ್ಟರು?

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಆಪರೇಷನ್ ತಡೆದುಕೊಳ್ಳುತ್ತಾರಾ ಅನ್ನುವುದು. ಅದಕ್ಕೆ ಡಾಕ್ಟರುಗಳು ಯೂರೋಸ್ಕೋರ್, ಎಸ್‌ಟಿಎಸ್ ಸ್ಕೋರ್ ಅಂತ ಹಾಕುತ್ತಾರೆ. ವಯಸ್ಸು, ಕಿಡ್ನಿ, ಶ್ವಾಸಕೋಶ, ಹಾರ್ಟಿನ ಪಂಪ್ ಎಲ್ಲ ಸೇರಿಸಿ ಲೆಕ್ಕ. ಕ್ರಿಯಾಟಿನಿನ್ ಅದರಲ್ಲಿ ಇದೆ. ನೀವು ಹೆದರುತ್ತಿರುವ ಎನ್‌ಟಿ-ಪ್ರೊಬಿಎನ್‌ಪಿ ಅದರಲ್ಲಿ ಇಲ್ಲ. ಅದು 'ಯಾವಾಗ' ಅನ್ನುವುದಕ್ಕೆ ಸಹಾಯ ಮಾಡುವ ಟೆಸ್ಟ್. 'ತಡೆದುಕೊಳ್ಳುತ್ತಾರಾ' ಅನ್ನುವುದಕ್ಕೆ ಹಳೆಯ, ಸಾದಾ ಟೆಸ್ಟ್‌ಗಳೇ ಜಾಸ್ತಿ ಕೆಲಸಕ್ಕೆ ಬರುತ್ತವೆ.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ದೊಡ್ಡ ಸ್ಕೋರ್ ಇದ್ದವರು ಎಂಟನೇ ದಿನ ನಡೆದುಕೊಂಡು ಮನೆಗೆ ಹೋದರು. ಸ್ಕೋರ್ ಚೆನ್ನಾಗಿದ್ದವರು ಮಂಚ ಬಿಟ್ಟು ಏಳಲಿಲ್ಲ. ವ್ಯತ್ಯಾಸ ಇದ್ದದ್ದು ಮೈಯ ಕಸುವಿನಲ್ಲಿ. 2017ರಲ್ಲಿ ಕೆನಡಾದವರು ವಾಲ್ವ್ ಬದಲಾಯಿಸಿಕೊಂಡ ಸಾವಿರದಷ್ಟು ವಯಸ್ಸಾದವರನ್ನು ನೋಡಿ ನಾಲ್ಕೇ ಅಂಶದ ಒಂದು ಲೆಕ್ಕ ಹೇಳಿದರು. ಹಿಮೋಗ್ಲೋಬಿನ್ ಗಂಡಸಿಗೆ 13, ಹೆಂಗಸಿಗೆ 12ಕ್ಕಿಂತ ಕಡಿಮೆಯಾ? ಆಲ್ಬುಮಿನ್ 3.5ಕ್ಕಿಂತ ಕಡಿಮೆಯಾ? ನೆನಪು ಬುದ್ಧಿ ಚುರುಕಾಗಿದೆಯಾ? ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹದಿನೈದು ಸೆಕೆಂಡಿಗಿಂತ ಜಾಸ್ತಿ ಬೇಕಾ? ಅಷ್ಟೇ.

ಅಪ್ಪಯ್ಯನನ್ನು ಕುರ್ಚಿ ಮೇಲೆ ಕೂರಿಸಿ ನೋಡಿ. ಪಕ್ಕದಲ್ಲೇ ನಿಂತಿರಿ. ತಲೆ ತಿರುಗಿದರೆ ತಕ್ಷಣ ನಿಲ್ಲಿಸಿ.

ಬಯಲುಸೀಮೆ_ಗಾಳಿ

ಸಿಸ್ಟರ್, ಕುರ್ಚಿಯಿಂದ ಏಳುವುದು ದೊಡ್ಡ ಟೆಸ್ಟಾ?

ಸಿಸ್ಟರ್_ಲಿಲ್ಲಿ

ಹೌದಪ್ಪ. ತೊಡೆಯಲ್ಲಿ ಮಾಂಸ ಇದ್ದರೆ ಆಪರೇಷನ್ ಆದ ಮಾರನೇ ದಿನ ಮನುಷ್ಯ ಎದ್ದು ಕೂರುತ್ತಾನೆ. ಎದ್ದು ಕೂತವನಿಗೆ ಕಫ ಕಟ್ಟುವುದಿಲ್ಲ, ನ್ಯುಮೋನಿಯಾ ಬರುವುದು ಕಡಿಮೆ. ನಿಮ್ಮ ತಾಯಿಗೆ ಆದದ್ದು ಓದಿ ನನಗೂ ಬೇಜಾರಾಯಿತು. ಆದರೆ ಸಿಟ್ಟಿನಲ್ಲಿ ಇವರನ್ನು ತಡೆಯಬೇಡಿ.

ಕರಾವಳಿ_ಕೂಸು

ಹೆಸರೇ ಹೆದರಿಸುವ ಟೆಸ್ಟ್ ಬಗ್ಗೆ ಹೇಳುತ್ತೇನೆ. ನಮ್ಮ ಅತ್ತೆಗೆ ವಾಲ್ವ್ ತೊಂದರೆ, ಕಾಲು ಊತ, ಹೊಟ್ಟೆಯಲ್ಲಿ ನೀರು. ಯಾರೋ ಸಿಎ-125 ಮಾಡಿಸಿದರು. ಜಾಸ್ತಿ ಬಂತು. ಅದು ಅಂಡಾಶಯದ ಕ್ಯಾನ್ಸರ್ ಟೆಸ್ಟ್ ಅಂತ ಫೋನಿನಲ್ಲಿ ಓದಿ ಮನೆಯಲ್ಲಿ ಎಲ್ಲರೂ ಅತ್ತೆವು. ಸ್ಕ್ಯಾನ್ ಮಾಡಿದರೆ ಕ್ಯಾನ್ಸರ್ ಇಲ್ಲವೇ ಇಲ್ಲ. ಮೈಯಲ್ಲಿ ನೀರು ತುಂಬಿದ್ದಕ್ಕೆ ಏರಿತ್ತಂತೆ. ನೀರಿಳಿಸಿದ ಮೇಲೆ ಅದೂ ಇಳಿಯಿತು.

ಲ್ಯಾಬ್‌ಅಕ್ಕ

ಸರಿಯಾಗಿ ಹೇಳಿದಿರಿ. ಹಾರ್ಟ್ ಸೋತು ನೀರು ತುಂಬಿದಾಗ ಸಿಎ-125 ಏರುತ್ತದೆ, ಅದು ಗೊತ್ತಿರುವ ವಿಷಯ. ಯಾಕೆ ಮಾಡಿಸುತ್ತಿದ್ದೇವೆ ಅಂತ ಮೊದಲೇ ಒಂದು ಮಾತು ಹೇಳಿದ್ದರೆ ನೀವು ಅಳಬೇಕಾಗಿರಲಿಲ್ಲ.

ಇನ್ನೊಂದು ಮರೆತಿದ್ದೆ. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ನುಂಗುವವರು ಲ್ಯಾಬಿನಲ್ಲಿ ಹೇಳಿ. ಕೆಲವು ಮಷೀನ್‌ಗಳಲ್ಲಿ ಟ್ರೋಪೋನಿನ್, ಎನ್‌ಟಿ-ಪ್ರೊಬಿಎನ್‌ಪಿ ತಪ್ಪು ಬರುತ್ತದೆ. ಟ್ರೋಪೋನಿನ್ ಸುಳ್ಳು ಕಡಿಮೆ ಬಂದು ಒಬ್ಬರು ತೀರಿಕೊಂಡ ವರದಿ ಬಂದ ಮೇಲೆ ಅಮೆರಿಕದ ಎಫ್‌ಡಿಎ 2017ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ನಮ್ಮಲ್ಲಿ ಅದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಮೈಸೂರು_ಮೇಷ್ಟ್ರು

ಟ್ರೋಪೋನಿನ್ ಅಂದರೆ ಹಾರ್ಟ್ ಅಟ್ಯಾಕ್ ಟೆಸ್ಟ್ ಅಲ್ವಾ? ವಾಲ್ವ್ ರೋಗಿಗೆ ಯಾಕೆ?

ಪಿಜಿ_ಹುಡುಗ

ಹಾರ್ಟಿನ ಸ್ನಾಯುವಿಗೆ ಪೆಟ್ಟು ಬಿದ್ದರೆ ಟ್ರೋಪೋನಿನ್ ಸೋರುತ್ತದೆ. ಅಟ್ಯಾಕ್ ಒಂದೇ ಪೆಟ್ಟಲ್ಲ. ಬಿಗಿದ ವಾಲ್ವ್ ವಿರುದ್ಧ ವರ್ಷಗಟ್ಟಲೆ ತಳ್ಳಿ ತಳ್ಳಿ ಸ್ನಾಯು ದಪ್ಪವಾಗುತ್ತದೆ. ಅಷ್ಟು ದಪ್ಪದ ಗೋಡೆಗೆ ಬೇಕಾದಷ್ಟು ರಕ್ತ ಸಿಗುವುದಿಲ್ಲ. ಅಲ್ಲಲ್ಲಿ ಸತ್ತು ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಆಗ ಟ್ರೋಪೋನಿನ್ ತುಸು ಏರಿಯೇ ಇರುತ್ತದೆ. ಹಾಗೆ ಕಲೆ ಬಿದ್ದ ಜಾಗ ವಾಲ್ವ್ ಬದಲಾಯಿಸಿದ ಮೇಲೂ ಪೂರ್ತಿ ಸರಿಹೋಗುವುದಿಲ್ಲ. ಅದು ಆಗುವ ಮೊದಲೇ ಹಿಡಿಯಬೇಕು ಅನ್ನುವುದಕ್ಕೇ ಈ ರಕ್ತ ಪರೀಕ್ಷೆಗಳ ಹಿಂದೆ ಬಿದ್ದಿರುವುದು. ಜಿಡಿಎಫ್-15, ಎಸ್‌ಟಿ2 ಅಂತ ಇನ್ನೂ ಕೆಲವು ಇವೆ. ಹಲವು ಒಟ್ಟಿಗೆ ಏರಿದವರಿಗೆ ಅಪಾಯ ಜಾಸ್ತಿ ಅಂತ ಟಾವಿ (ಎದೆ ತೆರೆಯದೆ ವಾಲ್ವ್ ಹಾಕುವುದು) ಮಾಡಿಸಿಕೊಂಡವರಲ್ಲಿ ಕಂಡಿದ್ದಾರೆ. ಅವನ್ನು ದಿನನಿತ್ಯದ ಚಿಕಿತ್ಸೆಯಲ್ಲಿ ಕೇಳುವುದಿಲ್ಲ. ಅದಕ್ಕೆ ನೀವು ದುಡ್ಡು ಸುರಿಯಬೇಡಿ.

ಆಪರೇಷನ್ ಆದ ಮಾರನೇ ದಿನ ಟ್ರೋಪೋನಿನ್ ನೋಡಿ ಗಾಬರಿಯಾಗುವವರೂ ಇದ್ದಾರೆ. ಹಾರ್ಟ್ ಮುಟ್ಟಿ ಕೆಲಸ ಮಾಡಿದ ಮೇಲೆ ಅದು ಏರದೆ ಇರುವುದಿಲ್ಲ.

ಫ್ರೀಮಾಂಟ್_ಕನ್ನಡಿಗ

ಟಾವಿ ಅಂದದ್ದಕ್ಕೆ ಬಂದೆ. ನಮ್ಮ ತಂದೆಗೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ 78ನೇ ವಯಸ್ಸಿನಲ್ಲಿ ಟಾವಿ ಆಯಿತು. ಎದೆ ತೆರೆಯಲಿಲ್ಲ. ತೊಡೆಯ ರಕ್ತನಾಳದಿಂದ ಹೊಸ ವಾಲ್ವ್ ಒಯ್ದು ಹಳೆಯದರ ಒಳಗೇ ಬಿಡಿಸಿ ಕೂರಿಸಿದರು. ಮೂರನೇ ದಿನ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದರು. ಇದನ್ನು ಮೊದಲು ಮಾಡಿದ್ದು ಫ್ರಾನ್ಸಿನ ರುವಾನ್ ಊರಿನ ಅಲಾನ್ ಕ್ರಿಬಿಯೆ, 2002ರ ಏಪ್ರಿಲ್‌ನಲ್ಲಿ.

ತೊಂದರೆ ಇಲ್ಲದವರ ಬಗ್ಗೆ 2024ರಲ್ಲಿ ಒಂದು ಅಧ್ಯಯನ ಬಂತು, ಅರ್ಲಿ ಟಾವರ್ ಅಂತ. ಟಾವಿಗೇ ಇಲ್ಲಿ ಟಾವರ್ ಅನ್ನುತ್ತಾರೆ. 901 ಜನ, ಎಲ್ಲರಿಗೂ ಸಿವಿಯರ್, ಯಾರಿಗೂ ತೊಂದರೆ ಇಲ್ಲ. ಅರ್ಧ ಜನಕ್ಕೆ ಕೂಡಲೇ ಟಾವಿ, ಉಳಿದವರನ್ನು ಕಾದು ನೋಡಿದರು. ಕಾದವರಲ್ಲಿ 87 ಪರ್ಸೆಂಟ್ ಜನರಿಗೆ ಮುಂದಿನ ಕೆಲವೇ ವರ್ಷದಲ್ಲಿ ವಾಲ್ವ್ ಬದಲಾಯಿಸಲೇಬೇಕಾಯಿತು.

ಬಯಲುಸೀಮೆ_ಗಾಳಿ

ಕಾದವರು ಜಾಸ್ತಿ ಸತ್ತರಾ? ಅದನ್ನು ಹೇಳಿ.

ಫ್ರೀಮಾಂಟ್_ಕನ್ನಡಿಗ

ಒಳ್ಳೆಯ ಪ್ರಶ್ನೆ. ಸಾವಿನಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮುಖ್ಯವಾಗಿ ಕಡಿಮೆಯಾದದ್ದು ದಿಢೀರ್ ಆಸ್ಪತ್ರೆ ಸೇರುವುದು. ಆದರೆ ಅಲ್ಲಿ ಕಾದವರನ್ನು ಬಿಗಿಯಾಗಿ ನೋಡಿಕೊಳ್ಳುತ್ತಿದ್ದರು. ಸಾಗರದ ಹಳ್ಳಿಯಲ್ಲಿ ಮಳೆಗಾಲದ ರಾತ್ರಿ ಉಬ್ಬಸ ಬಂದರೆ ಶಿವಮೊಗ್ಗಕ್ಕೆ ಎಷ್ಟು ಹೊತ್ತು ಬೇಕು, ಅದನ್ನೂ ಲೆಕ್ಕ ಹಾಕಬೇಕು.

ಬಯಲುಸೀಮೆ_ಗಾಳಿ

ಆ ಮಾತು ಒಪ್ಪುತ್ತೇನೆ.

ತೋಟದಮನೆ

ಎಲ್ಲ ಓದಿದೆ. ನಿನ್ನೆ ಸಂಜೆ ನಡೆದದ್ದು ಹೇಳುತ್ತೇನೆ.

ಜಗಲಿ ಮೇಲೆ ಮರದ ಕುರ್ಚಿ ಇಟ್ಟು ಅಪ್ಪಯ್ಯನನ್ನು ಕೂರಿಸಿದೆ. ಎರಡು ಕೈಯನ್ನೂ ಎದೆ ಮೇಲೆ ಕಟ್ಟಿಕೊಳ್ಳಿ ಅಂದೆ. ಸಿಟ್ಟು ಬಂತು ಅವರಿಗೆ. ಮೊದಲನೇ ಸಲ ಕೈ ಊರದೆ ಏಳಲು ಹೋಗಿ ಹಿಂದಕ್ಕೆ ಕೂತುಬಿಟ್ಟರು. ಎರಡನೇ ಸಲ ಎದ್ದರು. ಐದು ಸಲಕ್ಕೆ 17 ಸೆಕೆಂಡ್. ಕೊನೆಗೆ ಕಂಬ ಹಿಡಿದುಕೊಂಡು ನಿಂತರು. ಬಾಯಿ ತೆರೆದು ಉಸಿರು ಬಿಡುತ್ತಿದ್ದರು.

ಆಗ ಅಮ್ಮ ಒಳಗಿನಿಂದ ಬಂದು ಹೇಳಿದ್ದು ಕೇಳಿ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಮ್ಮ ತೋಟ ಕೆಳಗೆ, ಮನೆ ದಿಬ್ಬದ ಮೇಲೆ. ನಡುವೆ ಬೇಲಿಯಲ್ಲಿ ದಾಟಲು ಒಂದು ದಣಪೆ ಇದೆ. ಅಪ್ಪಯ್ಯ ಯಾವತ್ತೂ ತೋಟದಿಂದ ಸೀದಾ ಮನೆಗೆ ಬಂದು, ಕೈಕಾಲು ತೊಳೆದು, ಆಮೇಲೆ ಕವಳ ಹಾಕುತ್ತಿದ್ದರು. ಈಗ ಆರೇಳು ತಿಂಗಳಿಂದ ದಣಪೆ ಹತ್ತಿರವೇ ಕೂತು ಸಂಚಿ ಬಿಚ್ಚುತ್ತಾರಂತೆ. ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ, ನಿಧಾನಕ್ಕೆ ಹಾಕಿಕೊಂಡು ಆಮೇಲೆ ಮೇಲೆ ಹತ್ತುತ್ತಾರಂತೆ. 'ಕವಳದ ಚಟ ಹೆಚ್ಚಾಯ್ತು ಅಂತ ಮಾಡಿದ್ದೆ' ಅಂದಳು ಅಮ್ಮ. ಅಪ್ಪಯ್ಯ ತಲೆ ತಗ್ಗಿಸಿ ಕೂತಿದ್ದರು. ಒಂದು ಮಾತೂ ಆಡಲಿಲ್ಲ.

ನಾನು ವಾರಕ್ಕೊಮ್ಮೆ ಬೆಂಗಳೂರಿನಿಂದ ಫೋನ್ ಮಾಡಿ 'ಹುಷಾರಿದ್ದೀರಾ' ಅಂತ ಕೇಳುತ್ತಿದ್ದೆ. ಹೂಂ ಅನ್ನುತ್ತಿದ್ದರು.

ಪಿಜಿ_ಹುಡುಗ

ಹಾಗಾದರೆ ಅವರು ತೊಂದರೆ ಇಲ್ಲದ ರೋಗಿ ಅಲ್ಲ ಸರ್. ತೊಂದರೆ ಇದೆ, ಅದಕ್ಕೆ ತಕ್ಕ ಹಾಗೆ ದಿನಚರಿ ಬದಲಾಯಿಸಿಕೊಂಡಿದ್ದಾರೆ ಅಷ್ಟೇ. ದಣಪೆಯ ವಿಷಯವನ್ನು ಡಾಕ್ಟರಿಗೆ ಹೀಗೇ ಹೇಳಿ, ಒಂದು ಮಾತೂ ಬಿಡಬೇಡಿ. ಈಗ ರಕ್ತದ ಟೆಸ್ಟ್ ಮೇಲೆ ನಿರ್ಧಾರ ನಿಂತಿಲ್ಲ. ಎಕೋ, ತೊಂದರೆ ಎರಡೂ ಸೇರಿದರೆ ಗೈಡ್‌ಲೈನ್‌ನಲ್ಲಿ ಗೊಂದಲವೇ ಇಲ್ಲ.

ಸಿಸ್ಟರ್_ಲಿಲ್ಲಿ

ನಿಮ್ಮ ಮೇಲೆ ನೀವು ಸಿಟ್ಟು ಮಾಡಿಕೊಳ್ಳಬೇಡಿ ಮಗಾ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಎಷ್ಟೋ ಜನರನ್ನು ನೋಡಿದ್ದೇನೆ. ಮಹಡಿ ಹತ್ತುವುದು ಬಿಡುತ್ತಾರೆ, ದೇವಸ್ಥಾನದ ಮೆಟ್ಟಿಲು ಬಿಡುತ್ತಾರೆ, ಕಾರಣ ಕೇಳಿದರೆ ಮಂಡಿ ನೋವು ಅನ್ನುತ್ತಾರೆ.

ಹಿಮೋಗ್ಲೋಬಿನ್ ಬಿಡಬೇಡಿ. ಮಲ ಕಪ್ಪಗೆ ಹೋಗುತ್ತಿದೆಯಾ ಅಂತ ಅಮ್ಮನಿಂದ ಕೇಳಿಸಿ. ಮೈಯಲ್ಲಿ ಕಬ್ಬಿಣಾಂಶ ಎಷ್ಟಿದೆ ಅಂತ ತಿಳಿಯಲು ಫೆರಿಟಿನ್ ಟೆಸ್ಟ್ ಮಾಡಿಸಿ. ಈ ವಾಲ್ವ್ ಕಾಯಿಲೆಗೂ ಕರುಳಿನಿಂದ ರಕ್ತ ಸೋರುವುದಕ್ಕೂ ನಂಟಿದೆ. 1958ರಲ್ಲಿ ಹೈಡ್ ಎನ್ನುವ ಡಾಕ್ಟರು ಬರೆದರು, ಅವರ ಹೆಸರಿನಲ್ಲೇ ಹೈಡ್ ಸಿಂಡ್ರೋಮ್ ಅನ್ನುತ್ತಾರೆ. ಬಿಗಿದ ವಾಲ್ವ್‌ನಲ್ಲಿ ರಕ್ತ ರಭಸದಿಂದ ನುಗ್ಗುವಾಗ ಹೆಪ್ಪುಗಟ್ಟಲು ಬೇಕಾದ ಒಂದು ದೊಡ್ಡ ಪ್ರೋಟೀನ್ ತುಂಡಾಗುತ್ತದೆ. ಕರುಳಿನ ತೆಳು ನಾಳಗಳಿಂದ ಹನಿ ಹನಿ ಸೋರುತ್ತದೆ. ಎಷ್ಟೋ ಜನರಿಗೆ ವಾಲ್ವ್ ಬದಲಾಯಿಸಿದ ಮೇಲೆ ಸೋರುವುದು ನಿಲ್ಲುತ್ತದೆ. ನಿಮ್ಮಪ್ಪಯ್ಯನಿಗೆ ಅದೇ ಅಂತ ಹೇಳುತ್ತಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. ಯಾಕೆಂದರೆ ವಾಲ್ವ್ ಹಾಕಿದ ಮೇಲೆ ರಕ್ತ ತೆಳುವಾಗುವ ಮಾತ್ರೆ ಕೊಡುತ್ತಾರೆ. ಮೊದಲೇ ಸೋರುತ್ತಿದ್ದರೆ ಕಷ್ಟ.

ಪುಂಡಿಪಲ್ಲೆ

ಸಿಸ್ಟರ್ ಹೇಳಿದ್ದು ಖರೇ. ನನಗೂ ಹೋದ ವರ್ಷ ಸುಮ್ನೆ ಹಿಮೋಗ್ಲೋಬಿನ್ ಇಳಿಯುತ್ತಾ ಬಂತು. ಎಲ್‌ಡಿಎಚ್ ಅಂತ ಟೆಸ್ಟ್ ಮಾಡಿದರು, ಜಾಸ್ತಿ ಇತ್ತು. ವಾಲ್ವ್ ಅಂಚಿನಲ್ಲಿ ಸಣ್ಣ ಸಂದಿ ಬಿದ್ದು, ಅಲ್ಲಿ ನುಗ್ಗುವ ರಕ್ತದ ಕಣ ಒಡೆಯುತ್ತಿತ್ತು. ರಕ್ತದಲ್ಲೇ ಮೊದಲು ಸುಳಿವು ಸಿಕ್ಕಿದ್ದು. ಹಳೆಯ ರಿಪೋರ್ಟ್ ಎಲ್ಲ ಇಟ್ಟಿದ್ದಕ್ಕೆ ಯಾವಾಗಿನಿಂದ ಏರಿದೆ ಅಂತ ಗೊತ್ತಾಯಿತು.

ತೋಟದಮನೆ

ಹನ್ನೊಂದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಫೆರಿಟಿನ್ 9 ಬಂತು. ಕಬ್ಬಿಣಾಂಶ ಏನೂ ಇಲ್ಲ ಅಂದರು. ಮಲದಲ್ಲಿ ರಕ್ತದ ಸುಳಿವು ಸಿಕ್ಕಿದೆ. ಹೊಟ್ಟೆ ಡಾಕ್ಟರು ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡೂ ಬರೆದಿದ್ದಾರೆ. ಕಬ್ಬಿಣದ ಡ್ರಿಪ್ ಒಂದು ಹಾಕಿಯಾಯಿತು.

ಅದೇ ಲ್ಯಾಬಿನಲ್ಲಿ ಎನ್‌ಟಿ-ಪ್ರೊಬಿಎನ್‌ಪಿ ಇನ್ನೊಮ್ಮೆ ಮಾಡಿಸಿದೆವು, 1920. ಹೆಚ್ಚುಕಮ್ಮಿ ಅಷ್ಟೇ. ಹಾರ್ಟ್ ಡಾಕ್ಟರಿಗೆ ದಣಪೆಯ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಅಪ್ಪಯ್ಯನ ಮುಖವನ್ನೇ ನೋಡಿದರು. 'ರಾಯರೇ, ಮೊದಲ ದಿನವೇ ಇದನ್ನು ಹೇಳಬಾರದಿತ್ತಾ' ಅಂದರು. ಟಾವಿ ಒಳ್ಳೆಯದು, ಆದರೆ ಅದಕ್ಕೆ ಮೊದಲು ಬಣ್ಣದ ಔಷಧಿ ಕೊಟ್ಟು ಸಿಟಿ ಸ್ಕ್ಯಾನ್ ಮಾಡಬೇಕು, ಕಿಡ್ನಿ ನೋಡಿಕೊಂಡು ಮಾಡುತ್ತೇವೆ ಅಂದರು. ಖರ್ಚಿನ ಲೆಕ್ಕ ಕೇಳಿ ನಾನು ಸುಮ್ಮನಾದೆ. ಎದೆ ತೆರೆದು ಮಾಡುವುದಕ್ಕೂ ಅದಕ್ಕೂ ತುಂಬಾ ಅಂತರ ಇದೆ. ಅಕ್ಕ ಭಾವ ಸೇರಿ ಮಾತಾಡುತ್ತಿದ್ದೇವೆ.

ಅಪ್ಪಯ್ಯ ಕೇಳಿದ್ದು ಒಂದೇ, ಅಡಿಕೆಯ ಕೊನೆಕೊಯ್ಲು ಮುಗಿಸಿ ಬರಬಹುದಾ ಅಂತ. ಡಾಕ್ಟರು ಬೇಡ ಅಂದರು. ಪಕ್ಕದ ಮನೆಯವರು ಕೊಯ್ಲು ನಾವು ನೋಡಿಕೊಳ್ಳುತ್ತೇವೆ ಅಂದಿದ್ದಾರೆ.

ಬಯಲುಸೀಮೆ_ಗಾಳಿ

ಅಣ್ಣಾ, ಮೊದಲು ನಾನು ದುಡುಕಿ ಬರೆದೆ. ಒಳ್ಳೆಯದಾಗಲಿ. ಬೆಂಗಳೂರಿನಲ್ಲಿ ರಕ್ತ ಬೇಕಾದರೆ ಹೇಳಿ, ನನ್ನದು ಒ ಪಾಸಿಟಿವ್. ಯಶವಂತಪುರದ ಹತ್ತಿರ ಇದ್ದೇನೆ.

ಲ್ಯಾಬ್‌ಅಕ್ಕ

ವಾಲ್ವ್ ಹಾಕಿದ ಮೇಲೆ ಮೊದಲ ಫಾಲೋಅಪ್‌ಗೆ ಹೋದಾಗ ಎನ್‌ಟಿ-ಪ್ರೊಬಿಎನ್‌ಪಿ ಮತ್ತೆ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಒಂದೇ ಲ್ಯಾಬ್, ಒಂದೇ ಟೆಸ್ಟ್ ಇರಲಿ. ಬಿಎನ್‌ಪಿ ಬೇರೆ, ಎನ್‌ಟಿ-ಪ್ರೊಬಿಎನ್‌ಪಿ ಬೇರೆ, ಎರಡರ ನಂಬರ್ ಹೋಲಿಸಲು ಬರುವುದಿಲ್ಲ. ಇಳಿದರೆ ಹಾರ್ಟ್ ಹಗುರಾಗಿದೆ ಅಂತ ಅರ್ಥ. ಇಳಿಯದೆ ನಿಂತರೆ ಯಾಕೆ ಅಂತ ನೋಡಬೇಕು.

ಸಿಸ್ಟರ್_ಲಿಲ್ಲಿ

ಹಲ್ಲು ತೋರಿಸಿದ್ದೀರಾ? ವಾಲ್ವ್ ಹಾಕುವ ಮೊದಲು ಹುಳುಕು ಹಲ್ಲು, ವಸಡಿನ ಕೀವು ಎಲ್ಲ ಸರಿ ಮಾಡಿಸಿಬಿಡಬೇಕು. ಬಾಯಿಯ ಸೋಂಕು ರಕ್ತಕ್ಕೆ ಇಳಿದು ಹೊಸ ವಾಲ್ವ್ ಮೇಲೆ ಕೂತರೆ ಬಹಳ ಕಷ್ಟ.

ತೋಟದಮನೆ

ಇಲ್ಲ ಸಿಸ್ಟರ್, ಯಾರೂ ಹೇಳಿರಲಿಲ್ಲ. ಕೆಳಗಿನ ದವಡೆಯಲ್ಲಿ ಎರಡು ಹಲ್ಲು ಅಲ್ಲಾಡುತ್ತಿವೆ. ನಾಳೆ ಬೆಳಿಗ್ಗೆ ಸಾಗರದ ಬಸ್ಸಿಗೇ ಕರೆದುಕೊಂಡು ಹೋಗುತ್ತೇನೆ.